ಹತ್ತು ಚದರದ ಮನೆ

ನಮ್ಮ ಕಡೆಯ ಮೇಸ್ತ್ರಿಗಳು ಮನೆಯನ್ನು ಅಳೆಯುವುದು ಚದರದ ಲೆಕ್ಕದಲ್ಲಿ; ನೂರು ಚದರ ಅಡಿ ಸೇರಿದರೆ ಒಂದು ಚದರ. “ಎಷ್ಟು ಚದರ ಕಟ್ಟಿಸ್ತೀರಿ ಸ್ವಾಮಿ?” ಎಂದು ಅವರು ಕೇಳುವುದೂ, “ಚದರಕ್ಕೆ ಎಷ್ಟು ಬೀಳುತ್ತದಪ್ಪ?” ಎಂದು ನಾವು ಕೇಳುವುದೂ ಅನಾದಿಯಿಂದ ನಡೆದುಬಂದ ಸಂಪ್ರದಾಯವೋ ಎಂಬಂತಿದೆ. ಈ ಎರಡು ಪ್ರಶ್ನೆಗಳ ನಡುವೆ ಒಂದು ಸಂಖ್ಯೆ ಹುಟ್ಟಿ, ಆ ಸಂಖ್ಯೆಯನ್ನು ಹತ್ತರಿಂದಲೋ ಹದಿನೈದರಿಂದಲೋ ಗುಣಿಸಿ, ಬ್ಯಾಂಕಿನ ಸಾಲಕ್ಕೆ ಅರ್ಜಿ ಬರೆದು, ಗುದ್ದಲಿಪೂಜೆಗೆ ಮುಹೂರ್ತವನ್ನೂ ಇಡಿಸಿಬಿಡುವ ಗೃಹಸ್ಥರು ನಮ್ಮಲ್ಲಿ ಹೇರಳವಾಗಿದ್ದಾರೆ. ನಾನೂ ಅವರಲ್ಲೊಬ್ಬನಾಗಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು. ಚದರದ ದರವೆಂಬುದು ಮನೆಯ ವಿಸ್ತಾರವನ್ನು ಹೇಳುತ್ತದೆಯೇ ಹೊರತು ಅದರ ಗುಣವನ್ನು ಹೇಳುವುದಿಲ್ಲ. ಗುಣವನ್ನು ತಿಳಿಯಬೇಕಾದರೆ ಚೀಲ, ಕಿಲೋ, ಲೀಟರು, ಮಿಲಿಮೀಟರು ಎಂಬ ಬೇರೆ ಅಳತೆಗಳನ್ನು ಕಟ್ಟಿಸುವವನೇ ಅಷ್ಟಿಷ್ಟು ಕಲಿತುಕೊಳ್ಳಬೇಕಾಗುತ್ತದೆ. ಮೂವತ್ತು–ನಲವತ್ತರ ನಿವೇಶನವೊಂದರಲ್ಲಿ ಕೆಳಗೆ ಏಳು ಚದರ, ಮೇಲೆ ಮೂರು ಚದರ, ಒಟ್ಟಿಗೆ ಹತ್ತು ಚದರದ ಮನೆಯೊಂದನ್ನು ಕಲ್ಪಿಸಿಕೊಂಡು, ಆ ಅಳತೆಗಳನ್ನು ಇಲ್ಲಿ ಒಂದೊಂದಾಗಿ ನೋಡಬಹುದಾಗಿದೆ.

ಕಾಗದಪತ್ರಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಏಕೆಂದರೆ ಅದು ವಕೀಲರ ಕ್ಷೇತ್ರ. ಮೂಲಪತ್ರ, ಕ್ರಯಪತ್ರ, ಋಣಭಾರ ಪತ್ರ, ಖಾತೆ, ಕಂದಾಯ ಕಟ್ಟಿದ ರಸೀತಿ, ಹೊಲವಾಗಿದ್ದ ಭೂಮಿಯಾದರೆ ಭೂಪರಿವರ್ತನೆಯ ಆದೇಶ, ಗ್ರಾಮಪಂಚಾಯಿತಿಯ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ, ಇವಿಷ್ಟೂ ಕೈಯಲ್ಲಿಲ್ಲದೆ ನಕ್ಷೆಗೆ ಮಂಜೂರಾತಿ ದೊರೆಯದು, ಮಂಜೂರಾದ ನಕ್ಷೆಯಿಲ್ಲದೆ ಸಾಲವೂ ಸುಲಭವಾಗಿ ದೊರೆಯದು. ಮಂಜೂರಾದ ಮೇಲೆ ಆ ನಕ್ಷೆಯನ್ನು ಮೀರಿ ಒಂದೂವರೆ ಅಡಿ ರಸ್ತೆಯ ಕಡೆಗೆ ಸಜ್ಜಾ ಚಾಚುವ ಚಾಪಲ್ಯವೊಂದುಂಟು. ಅದನ್ನು ಹತ್ತಿಕ್ಕಿಕೊಳ್ಳುವುದು ಕ್ಷೇಮ.

ಇನ್ನು ನೆಲ. ಹಳೆಯ ಮೈಸೂರು ಸೀಮೆಯ ಕೆಂಪುಮಣ್ಣು ಗೃಹಸ್ಥನಿಗೆ ದಯಾಳುವಾದುದು. ನಾಲ್ಕೈದು ಅಡಿ ತೋಡುವಷ್ಟರಲ್ಲಿ ಬಹುಮಟ್ಟಿಗೆ ಗಟ್ಟಿಯಾದ ನೆಲ ಸಿಕ್ಕಿ, ಅದರ ಮೇಲೆ ಬೆಡ್ ಕಾಂಕ್ರೀಟು ಹಾಸಿ, ಸೈಜುಕಲ್ಲಿನ ಪಾಯವನ್ನು ಎತ್ತಿಕೊಂಡು ಬರಬಹುದು. ಆದರೆ ಧಾರವಾಡ, ಗದಗ, ವಿಜಯಪುರ, ಕಲಬುರಗಿಗಳ ಎರೆಮಣ್ಣಿನ ಸ್ವಭಾವವೇ ಬೇರೆ. ಮಳೆಗಾಲದಲ್ಲಿ ನೀರುಂಡು ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುವ ಆ ನೆಲವು ವರ್ಷಕ್ಕೊಮ್ಮೆ ಉಸಿರೆಳೆದು ಬಿಡುತ್ತಿರುವುದರಿಂದ, ಅದರ ಮೇಲೆ ಮೈಸೂರಿನ ಪಾಯವನ್ನು ಹಾಕಿದರೆ ಗೋಡೆಯ ಮೂಲೆಯಿಂದ ಕಿಟಕಿಯವರೆಗೆ ಓರೆಯಾದ ಬಿರುಕುಗಳು ಮೂಡುವುದನ್ನು ಯಾರೂ ತಪ್ಪಿಸಲಾರರು. ಅಂಥ ನೆಲಕ್ಕೆ ಉಬ್ಬುಕುಗ್ಗಿಲ್ಲದ ಆಳಕ್ಕಿಳಿದ ಪಾಯವಾಗಲಿ, ಬುಡದಲ್ಲಿ ಗಡ್ಡೆಯಂತೆ ಅಗಲವಾಗಿರುವ ಕಾಂಕ್ರೀಟು ಕಂಬಗಳಾಗಲಿ ಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಢಿಗೆ ತಂದ ಈ ಬಗೆಯ ಕಂಬಗಳು ಎರೆಭೂಮಿಗೆಂದೇ ಹೇಳಿಮಾಡಿಸಿದಂಥವು. ಮಣ್ಣಿನ ಪರೀಕ್ಷೆಗೆ ತಗಲುವ ವೆಚ್ಚವು ಬಾಗಿಲಿಗೆ ಕಟ್ಟುವ ತೋರಣ, ಊಟ, ಓಲಗಗಳ ವೆಚ್ಚಕ್ಕಿಂತ ಹೆಚ್ಚಿನದೇನಲ್ಲ. ಆದರೂ ಗೃಹಪ್ರವೇಶಕ್ಕೆ ಕೈಬಿಚ್ಚಿ ಖರ್ಚುಮಾಡುವ ನಾವು ಮಣ್ಣಿನ ಪರೀಕ್ಷೆಯೆಂದೊಡನೆ ಮುಷ್ಟಿ ಬಿಗಿಹಿಡಿಯುತ್ತೇವೆ.

ಗೋಡೆಗೆ ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಆಯಾ ಸೀಮೆಯೇ ಉತ್ತರ ಹೇಳುತ್ತದೆ. ಕರಾವಳಿಯಲ್ಲಿ ಮುರಕಲ್ಲು ನೆಲದೊಳಗೆ ಮೆದುವಾಗಿದ್ದು, ಕತ್ತರಿಸಿ ಗಾಳಿಗಿಟ್ಟಮೇಲೆ ಗಟ್ಟಿಯಾಗುವ ವಿಚಿತ್ರಗುಣವುಳ್ಳದ್ದು. ಮಂಗಳೂರು, ಉಡುಪಿಗಳ ಕಡೆ ಅದನ್ನು ಬಿಟ್ಟು ದೂರದ ಇಟ್ಟಿಗೆಯನ್ನು ತರಿಸುವುದು ವ್ಯರ್ಥವ್ಯಯ. ಅದರ ಮೇಲೆ ಹೊದಿಸುತ್ತಿದ್ದ ಮಂಗಳೂರು ಹಂಚು, 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಆ ಸೀಮೆಯ ಮನೆಗಳ ಮುಖಲಕ್ಷಣವನ್ನೇ ನಿರ್ಧರಿಸಿತು. ಬಯಲುಸೀಮೆಯಲ್ಲಿ ಸುಟ್ಟ ಇಟ್ಟಿಗೆಯ ಜಾಗವನ್ನು ಈಗ ಬಹುವಾಗಿ ಸಾಲಿಡ್ ಬ್ಲಾಕು ಆಕ್ರಮಿಸಿದೆ. ಹದಿನಾರು ಇಂಚು ಉದ್ದ, ಎಂಟು ಇಂಚು ಎತ್ತರ, ಆರು ಇಂಚು ದಪ್ಪದ ಬ್ಲಾಕು ನೂರು ಚದರ ಅಡಿ ಗೋಡೆಗೆ ಒಡೆದುದನ್ನೂ ಸೇರಿಸಿ ಸುಮಾರು 110 ಬೇಕಾಗುತ್ತದೆ. ಕಿಟಕಿಬಾಗಿಲುಗಳನ್ನು ಕಳೆದು ಲೆಕ್ಕ ಹಾಕತಕ್ಕದ್ದು. ಬ್ಲಾಕನ್ನು ಕೊಳ್ಳುವಾಗ ಎರಡನ್ನು ಕೈಗೆತ್ತಿಕೊಂಡು ಒಂದಕ್ಕೊಂದು ತಟ್ಟಿ ನೋಡಬೇಕು. ಮೊಳಕಾಲೆತ್ತರದಿಂದ ನೆಲಕ್ಕೆ ಬೀಳಿಸಿಯೂ ನೋಡಬಹುದು. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮಣ್ಣಿನ ಇಟ್ಟಿಗೆಯೆಂದರೆ ಬಡತನದ ಕುರುಹೆಂದು ಭಾವಿಸುವವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ಮಾಡಿದ ಕೆಲಸವನ್ನು ಗಮನಿಸಬೇಕು. ಮಣ್ಣಿಗೆ ನೂರರಲ್ಲಿ ಆರೇಳು ಪಾಲು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಕೇವಲ ನೀರುಣಿಸಿ ಮಾಡುವ ಈ ಇಟ್ಟಿಗೆಗಳಿಂದ ಕೆ. ಎಸ್. ಜಗದೀಶರಂಥ ಎಂಜಿನಿಯರುಗಳ ಮಾರ್ಗದರ್ಶನದಲ್ಲಿ ಕಟ್ಟಿದ ಎಷ್ಟೋ ಮನೆಗಳು ದಶಕಗಳ ಮಳೆಯನ್ನು ತಾಳಿ ನಿಂತಿವೆ. ಗಿಲಾವಿನ ಖರ್ಚೂ ಉಳಿಯುತ್ತದೆ, ಮನೆಯೂ ತಂಪಾಗಿರುತ್ತದೆ. ಆದರೆ ಆ ಕೆಲಸ ಬಲ್ಲ ಗಾರೆಯವರು ಎಲ್ಲ ಊರುಗಳಲ್ಲಿಯೂ ಸಿಕ್ಕುವುದಿಲ್ಲವಾದುದರಿಂದ, ಆಳು ಸಿಕ್ಕಿದ ಮೇಲೆ ನಿರ್ಧರಿಸುವುದು ಉಚಿತ.

ಸಿಮೆಂಟಿಗೆ ಬರೋಣ. ನಮ್ಮ ಅಜ್ಜಂದಿರು ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಬೆರೆಸಿ ಅರೆದ ಸುರ್ಕಿಗಾರೆಯಲ್ಲಿ ಕಟ್ಟುತ್ತಿದ್ದರು. ಕನ್ನಂಬಾಡಿಯ ಕಟ್ಟೆಯಂಥ ಕಟ್ಟೆಯೇ ಸುರ್ಕಿಯಿಂದೆದ್ದುದು. ಆ ಗಾರೆಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಈ ಕಾಲಕ್ಕೆ ಅಷ್ಟು ತಾಳ್ಮೆಯಿಲ್ಲ. ಈಗಿನ ಸಿಮೆಂಟಿನಲ್ಲಿ 43, 53 ಎಂಬ ಅಂಕೆಗಳ ಸಾಧಾರಣ ಸಿಮೆಂಟೂ, ಹಾರುಬೂದಿ ಬೆರೆತ ಪೊಝೊಲಾನ ಸಿಮೆಂಟೂ ದೊರೆಯುತ್ತವೆ. ದೊಡ್ಡ ಅಂಕೆ ಕಂಡೊಡನೆ ಅದೇ ಉತ್ತಮವೆಂದು ಭ್ರಮಿಸುವುದು ಸಹಜ. ಆದರೆ ಆ ಅಂಕೆಯು ನಿಯತಕ್ರಮದಲ್ಲಿ ಮಾಡಿದ ಅಚ್ಚಿನ ತುಂಡು 28 ದಿನಗಳಿಗೆ ಎಷ್ಟು ಒತ್ತಡವನ್ನು ತಾಳಬೇಕೆಂಬುದನ್ನು ಮಾತ್ರ ಹೇಳುತ್ತದೆ. ವಾಸದ ಮನೆಯ ಗೋಡೆ, ಗಿಲಾವುಗಳಿಗೆ ಪೊಝೊಲಾನ ಸಿಮೆಂಟು ನಿಧಾನವಾಗಿ ಬಿಗಿದರೂ ಬಿರುಕು ಕಡಿಮೆ ಬಿಡುವ ಸೌಮ್ಯಸ್ವಭಾವದ್ದು. ಬ್ರ್ಯಾಂಡಿಗಿಂತ ಮುಖ್ಯವಾದುದು ವಯಸ್ಸು. ಚೀಲದ ಮೇಲೆ ತಯಾರಾದ ವಾರವೂ ವರ್ಷವೂ ಅಚ್ಚಾಗಿರುತ್ತದೆ. ಮೂರು ತಿಂಗಳು ಗೋದಾಮಿನಲ್ಲಿ ಕುಳಿತ ಸಿಮೆಂಟು ತನ್ನ ಬಲದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡಿರುತ್ತದೆಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಚೀಲದೊಳಗೆ ಕೈಯಿಟ್ಟರೆ ತಣ್ಣಗಿರಬೇಕು, ಗಂಟು ಸಿಕ್ಕಬಾರದು. ದಾಸ್ತಾನು ಮಾಡುವಾಗ ನೆಲದ ಮೇಲೆ ಹಲಗೆ ಹಾಸಿ, ಗೋಡೆಗೆ ತಗುಲದಂತೆ, ಹತ್ತು ಚೀಲಕ್ಕಿಂತ ಎತ್ತರವಾಗದಂತೆ ಜೋಡಿಸುವುದು ಕ್ರಮ.

ಹೊಳೆಯ ಮರಳು ಈಗ ದುರ್ಲಭವೂ ದುಬಾರಿಯೂ ಆಗಿ, ಕಲ್ಲನ್ನು ಅರೆದು ಮಾಡಿದ ಎಂ-ಸ್ಯಾಂಡು ಅದರ ಸ್ಥಾನಕ್ಕೆ ಬಂದಿದೆ. ಕಟ್ಟುವುದಕ್ಕೂ ಕಾಂಕ್ರೀಟಿಗೂ ಇದು ಯೋಗ್ಯವೇ ಸರಿ. ಗಿಲಾವಿಗೆ ಇದಕ್ಕಿಂತ ನಯವಾದ ಪಿ-ಸ್ಯಾಂಡು ಬೇರೆ ಇದೆ. ಕ್ರಷರಿನ ಧೂಳನ್ನೇ ಎಂ-ಸ್ಯಾಂಡೆಂದು ಸುರಿದುಹೋಗುವವರೂ ಉಂಟು. ಹಿಡಿಯಷ್ಟನ್ನು ಒದ್ದೆಮಾಡಿ ಅಂಗೈಯಲ್ಲಿ ಉಜ್ಜಿದಾಗ ಹಿಟ್ಟಿನಂತೆ ಮೆತ್ತಿಕೊಂಡರೆ ಅದು ಧೂಳೆಂದು ತಿಳಿಯಿರಿ. ಹೊಳೆಯ ಮರಳನ್ನೇ ಕೊಂಡವರು ಗಾಜಿನ ಸೀಸೆಯಲ್ಲಿ ಅರ್ಧ ಮರಳು, ಮೇಲೆ ಉಪ್ಪುನೀರು ಹಾಕಿ ಕುಲುಕಿ ಎರಡು ಗಂಟೆ ಇಟ್ಟರೆ, ಮರಳಿನ ಮೇಲೆ ಕೆಸರಿನ ಪದರವೊಂದು ಕೂರುತ್ತದೆ. ಅದು ನೂರರಲ್ಲಿ ಎಂಟು ಪಾಲನ್ನು ಮೀರಿದರೆ ಲಾರಿಯನ್ನು ಹಿಂದಕ್ಕೆ ಕಳುಹಿಸತಕ್ಕದ್ದು. ಮತ್ತೊಂದು ಸೂಕ್ಷ್ಮವುಂಟು: ಅಲ್ಪಸ್ವಲ್ಪ ತೇವವಾದ ಮರಳು ಒಣಮರಳಿಗಿಂತ ನೂರಕ್ಕೆ ಇಪ್ಪತ್ತೈದರವರೆಗೂ ಉಬ್ಬಿಕೊಳ್ಳುತ್ತದೆ. ಘನ ಅಡಿಯ ಲೆಕ್ಕದಲ್ಲಿ ತೇವದ ಮರಳನ್ನು ಕೊಳ್ಳುವವನು ಐದನೆಯ ಒಂದು ಪಾಲಿನವರೆಗೆ ಗಾಳಿಗೂ ಹಣ ತೆರುತ್ತಾನೆ.

ಕಬ್ಬಿಣದ ಕಂಬಿಗಳನ್ನು ತೂಗಿ ನೋಡುವ ಗೃಹಸ್ಥರು ವಿರಳ. ಆದರೆ ಇದರಷ್ಟು ಸುಲಭವಾದ ಪರೀಕ್ಷೆ ಮತ್ತೊಂದಿಲ್ಲ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. ಹನ್ನೆರಡು ಮಿಲಿಮೀಟರಿನ ಕಂಬಿಗೆ 144ನ್ನು 162ರಿಂದ ಭಾಗಿಸಿದರೆ 0.89, ಹನ್ನೆರಡು ಮೀಟರುದ್ದದ ಇಡೀ ಕಂಬಿ ಹತ್ತೂ ಮುಕ್ಕಾಲು ಕಿಲೋವಿಗೆ ಹತ್ತಿರವಿರಬೇಕು. ಭಾರತೀಯ ಮಾನಕ ಸಂಸ್ಥೆಯ ಐಎಸ್ 1786ರ ಪ್ರಕಾರ ಹತ್ತು ಮಿಲಿಮೀಟರಿನವರೆಗಿನ ಕಂಬಿಗಳ ಕಟ್ಟಿನಲ್ಲಿ ನೂರಕ್ಕೆ ಏಳು, ಅದರ ಮೇಲೆ ಹದಿನಾರರವರೆಗೆ ನೂರಕ್ಕೆ ಐದು ಹೆಚ್ಚುಕಡಮೆಯಾಗಬಹುದು. ಅದಕ್ಕೂ ಕಡಮೆ ತೂಗಿದರೆ ಎಂಜಿನಿಯರು ನಕ್ಷೆಯಲ್ಲಿ ಬರೆದ ಕಬ್ಬಿಣ ನಿಮ್ಮ ಕಂಬದೊಳಗೆ ಹೋಗಿಲ್ಲವೆಂದೇ ಅರ್ಥ.

ಇಷ್ಟೆಲ್ಲ ವಸ್ತುಗಳಲ್ಲಿ ಅತ್ಯಂತ ಅಗ್ಗವಾದುದು ನೀರು; ಮತ್ತು ನನ್ನ ತಿಳಿವಳಿಕೆಯ ಮಟ್ಟಿಗೆ, ಮನೆಗಳು ಹಾಳಾಗುವುದು ಹೆಚ್ಚಾಗಿ ನೀರಿನ ದೆಸೆಯಿಂದಲೇ. ಕಲಸುವಾಗ ಅದು ಹೆಚ್ಚಾಗುತ್ತದೆ, ಕಟ್ಟಿದ ಮೇಲೆ ಕಡಮೆಯಾಗುತ್ತದೆ. ಈ ಎರಡು ಅಪರಾಧಗಳೂ ಒಂದೇ ದಿನ, ಒಂದೇ ಕೈಯಿಂದ ನಡೆಯುತ್ತವೆ. ಕಾಂಕ್ರೀಟಿನ ಬಲವು ಸಿಮೆಂಟಿನ ತೂಕಕ್ಕೂ ನೀರಿನ ತೂಕಕ್ಕೂ ಇರುವ ಪ್ರಮಾಣವನ್ನು ಅನುಸರಿಸಿರುತ್ತದೆಂಬ ತತ್ತ್ವವನ್ನು ಅಮೆರಿಕೆಯ ಡಫ್ ಏಬ್ರಮ್ಸ್ 1918ರಲ್ಲಿಯೇ ಪ್ರಕಟಪಡಿಸಿದ. ಹೆಚ್ಚಾಗಿ ಸುರಿದ ನೀರು ಸಿಮೆಂಟಿನೊಡನೆ ಕೂಡಿಕೊಳ್ಳದೆ ಒಳಗೇ ನಿಂತು, ಆಮೇಲೆ ಆವಿಯಾಗಿ ಹೋದಾಗ, ಅದಿದ್ದೆಡೆಯಲ್ಲಿ ಕಣ್ಣಿಗೆ ಕಾಣದ ಸಹಸ್ರ ರಂಧ್ರಗಳು ಉಳಿಯುತ್ತವೆ. ಆ ರಂಧ್ರಗಳ ದಾರಿಯಾಗಿ ಮಳೆಯೂ ಗಾಳಿಯೂ ಒಳಹೊಕ್ಕು ಕಂಬಿಗೆ ತುಕ್ಕು ಹಿಡಿಸುತ್ತವೆ. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಎಂ20 ಎಂಬ ಮಿಶ್ರಣಕ್ಕೆ, ಅಂದರೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಗೆ, 50 ಕಿಲೋವಿನ ಚೀಲವೊಂದಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಕೂಡದೆಂದು ಐಎಸ್ 456 ಹೇಳುತ್ತದೆ; 27–28ರಲ್ಲಿ ನಿಲ್ಲಿಸಿದರೆ ಇನ್ನೂ ಮೇಲು. ಮರಳು ಒದ್ದೆಯಾಗಿದ್ದರೆ ಅದರಲ್ಲಿರುವ ನೀರನ್ನೂ ಈ ಲೆಕ್ಕಕ್ಕೇ ಸೇರಿಸಬೇಕು.

ಆದರೆ ಮೋಲ್ಡ್ ಹಾಕುವ ದಿನ ಈ ಮೂವತ್ತು ಲೀಟರಿನ ಸೂತ್ರವನ್ನು ಉಳಿಸಿಕೊಳ್ಳುವುದು ಸಾಮಾನ್ಯವಾದ ಸಾಹಸವಲ್ಲ. ಬೆಳಗಿನ ಪೂಜೆ ಮುಗಿದು, ತೆಂಗಿನಕಾಯಿ ಒಡೆದು, ಮಿಕ್ಸರು ಗುಡುಗಲಾರಂಭಿಸಿದೊಡನೆ, ನೀರು ಹಾಕುವ ಹುಡುಗನು ಪೈಪನ್ನು ಮಿಕ್ಸರಿನ ಬಾಯಿಗಿಟ್ಟು ಆಕಾಶ ನೋಡುತ್ತಾನೆ. ನಾನು ಬಕೆಟ್ಟಿನ ಲೆಕ್ಕ ತೆಗೆದಾಗ ನಮ್ಮ ಮೇಸ್ತ್ರಿ ಬಹಳ ವಿನಯದಿಂದ, “ನೀರು ಕಮ್ಮಿ ಮಾಡಿದ್ರೆ ಮಾಲು ಓಡೋದಿಲ್ಲ ಸ್ವಾಮಿ, ಜೇನುಗೂಡು ಬೀಳ್ತದೆ” ಎಂದ. ಅವನ ಮಾತು ಪೂರ್ತಿ ಸುಳ್ಳಲ್ಲ. ಗಟ್ಟಿಯಾದ ಮಾಲನ್ನು ಕುಟ್ಟದೆ ಬಿಟ್ಟರೆ ಒಳಗೆ ಪೊಳ್ಳುಗಳು ಉಳಿಯುವುದು ದಿಟ. ಅದಕ್ಕೆ ಪರಿಹಾರ ವೈಬ್ರೇಟರು, ನೀರಲ್ಲ. ವೈಬ್ರೇಟರಿನ ಒಂದು ದಿನದ ಬಾಡಿಗೆಯನ್ನು ಉಳಿಸುವುದಕ್ಕಾಗಿ ಪಾಯಸದಂಥ ಕಾಂಕ್ರೀಟನ್ನು ಸುರಿಯುವವರು ಸಮ್ಮತರಾದರೂ, ಕಟ್ಟಿಸುವವನು ಸಮ್ಮತಿಸಕೂಡದು. ಐದು ಇಂಚು ದಪ್ಪದ ತಾರಸಿಗೆ ಒಂದು ಚದರಕ್ಕೆ, ತೊಲೆಗಳನ್ನು ಬಿಟ್ಟು, ಒಂಬತ್ತರಿಂದ ಹತ್ತು ಚೀಲ ಸಿಮೆಂಟು ಹೋಗಬೇಕೆಂಬುದನ್ನು ನೆನಪಿಟ್ಟು, ಖಾಲಿಚೀಲಗಳನ್ನು ಸಂಜೆ ಎಣಿಸಿ ನೋಡಿದರೆ ಆ ದಿನದ ಕೆಲಸದ ಸ್ವರೂಪ ಬಹುಮಟ್ಟಿಗೆ ತಿಳಿದುಬರುತ್ತದೆ.

ಬಿಗಿದ ಮೇಲೆ ಇದೇ ನೀರು ಅಮೃತಸಮಾನವಾಗುತ್ತದೆ. ಸಾಧಾರಣ ಸಿಮೆಂಟಿಗೆ ಕನಿಷ್ಠ ಏಳು ದಿನ, ಪೊಝೊಲಾನ ಸಿಮೆಂಟಿಗೆ ಕನಿಷ್ಠ ಹತ್ತು ದಿನ, ಬಿರುಬೇಸಗೆಯಲ್ಲಿ ಹದಿನಾಲ್ಕು ದಿನ ಕಾಂಕ್ರೀಟನ್ನು ಒಣಗಗೊಡಬಾರದು. ತಾರಸಿಯ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸುವುದನ್ನು ಎಲ್ಲರೂ ಮಾಡುತ್ತಾರೆ. ಕಂಬಗಳಿಗೆ ಗೋಣಿತಾಟು ಸುತ್ತಿ ದಿನಕ್ಕೆ ಮೂರು ಸಲ ತೋಯಿಸುವವರು ಬಹಳ ಕಡಮೆ. ಇಡೀ ಮನೆಯನ್ನು ಹೊರುವ ಕಂಬ ಬಾಯಾರಿ ನಿಂತಿರುತ್ತದೆ, ಅದರ ಮೇಲಿನ ತಾರಸಿ ಮಾತ್ರ ಕೆರೆಯಾಗಿರುತ್ತದೆ. ಸೆಂಟ್ರಿಂಗಿನ ಹಲಗೆಗಳಿಗೆ ಬಾಡಿಗೆ ಏರುತ್ತದೆಂದು ಆತುರಪಡುವುದೂ ಸಲ್ಲ: ಸಾಧಾರಣ ಸಿಮೆಂಟಿನ ಲೆಕ್ಕದಲ್ಲಿ ನಾಲ್ಕೂವರೆ ಮೀಟರಿನೊಳಗಿನ ತಾರಸಿಯ ಆಧಾರಗಳನ್ನು ಏಳು ದಿನಕ್ಕಿಂತ ಮೊದಲು, ಅದಕ್ಕೂ ಅಗಲವಾದುದನ್ನೂ ಆರು ಮೀಟರಿನೊಳಗಿನ ತೊಲೆಗಳನ್ನೂ ಹದಿನಾಲ್ಕು ದಿನಕ್ಕಿಂತ ಮೊದಲು ತೆಗೆಯಬಾರದು, ಹಾರುಬೂದಿಯ ಸಿಮೆಂಟಾದರೆ ಇನ್ನೂ ಕೆಲವು ದಿನ ತಡೆಯಬೇಕು.

ನಾನು ಸ್ವತಃ ತೆತ್ತ ದಂಡವೊಂದನ್ನು ಇಲ್ಲಿ ಹೇಳಬೇಕು. ಕಂಬಿಯನ್ನು ಕಾಂಕ್ರೀಟು ಎಲ್ಲ ಕಡೆಯಿಂದಲೂ ಹೊದ್ದುಕೊಂಡಿರಬೇಕೆಂಬುದಕ್ಕಾಗಿ, ಕಂಬಿಯ ಕೆಳಗೆ ಸಣ್ಣ ಕವರ್ ಬ್ಲಾಕುಗಳನ್ನು ಇಡುತ್ತಾರೆ. ತಾರಸಿಗೆ 20, ತೊಲೆಗೆ 25, ಕಂಬಕ್ಕೆ 40, ನೆಲದೊಳಗಿನ ಪಾದಕ್ಕೆ 50 ಮಿಲಿಮೀಟರಿನ ಹೊದಿಕೆಯಿರುವುದು ರೂಢಿ. ತಾರಸಿಯಲ್ಲಿ ಇದನ್ನೆಲ್ಲ ಕಣ್ಣಿಟ್ಟು ನೋಡಿದ ನಾನು ಕಿಟಕಿಯ ಮೇಲಿನ ಸಜ್ಜಾಗಳ ದಿನ ಒಂದು ಮದುವೆಯ ನಿಮಿತ್ತ ಊರಿನಲ್ಲಿರಲಿಲ್ಲ. ಸಜ್ಜಾದ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು, ಏಕೆಂದರೆ ಗೋಡೆಯಿಂದ ಹೊರಚಾಚಿದ ಹಲಗೆ ಮೇಲುಮೈಯಲ್ಲಿಯೇ ಸೆಳೆತಕ್ಕೆ ಒಳಗಾಗುತ್ತದೆ. ಆದರೆ ಕಾಂಕ್ರೀಟು ಸುರಿಯುವವರು ಅದೇ ಕಂಬಿಯ ಮೇಲೆ ಕಾಲಿಟ್ಟು ಓಡಾಡಿ ಅದನ್ನು ತಳಕ್ಕೆ ತುಳಿದುಬಿಟ್ಟಿದ್ದರು. ಎಂಟು ವರ್ಷ ಕಳೆಯುವಷ್ಟರಲ್ಲಿ ಸಜ್ಜಾದ ಅಡಿಯಲ್ಲಿ ತುಕ್ಕಿನ ಕಂದುಗೆರೆಗಳು ಮೂಡಿ, ಕಾಂಕ್ರೀಟು ಹಪ್ಪಳದಂತೆ ಎದ್ದು ಬಿತ್ತು. ಕೆಳಗೆ ಯಾರೂ ನಿಂತಿರಲಿಲ್ಲವೆಂಬುದೇ ಪುಣ್ಯ.

ವೆಚ್ಚದ ವಿಚಾರ. ಈಚಿನ ವರ್ಷಗಳಲ್ಲಿ ಬೆಂಗಳೂರಿನಂಥ ನಗರದಲ್ಲಿ ಸಾಮಾನು ಸಹಿತವಾದ ಗುತ್ತಿಗೆಯ ದರವು ಚದರ ಅಡಿಗೆ ಸುಮಾರು 1,800 ರೂಪಾಯಿಗಳಿಂದ 2,500 ರೂಪಾಯಿಗಳವರೆಗೆ ಹರಡಿಕೊಂಡಿದೆ. 2,000 ಎಂದಿಟ್ಟುಕೊಂಡರೆ ನಮ್ಮ ಹತ್ತು ಚದರಕ್ಕೆ 20 ಲಕ್ಷವಾಯಿತು. ಇಂಥ ಮನೆಗೆ ಸ್ಥೂಲವಾಗಿ ಚದರವೊಂದಕ್ಕೆ 40 ಚೀಲ ಸಿಮೆಂಟು, 350ರಿಂದ 400 ಕಿಲೋ ಕಬ್ಬಿಣ ಬೇಕಾಗುತ್ತದೆ. ಒಟ್ಟು 400 ಚೀಲ ಸಿಮೆಂಟಿಗೆ ಚೀಲಕ್ಕೆ 400ರಂತೆ 1 ಲಕ್ಷ 60 ಸಾವಿರ. 4 ಟನ್ ಕಬ್ಬಿಣಕ್ಕೆ ಎರಡೂವರೆ ಲಕ್ಷದ ಆಸುಪಾಸು. ಎರಡೂ ಸೇರಿ ಇಡೀ ಮನೆಯ ಐದನೆಯ ಒಂದು ಪಾಲಷ್ಟೆ. ಹತ್ತು ಚೀಲ ಹಾಕಬೇಕಾದಲ್ಲಿ ಒಂಬತ್ತೇ ಹಾಕಿದರೆ ಉಳಿಯುವುದು ಹದಿನಾರು ಸಾವಿರ, ಅಂದರೆ ಒಟ್ಟು ವೆಚ್ಚದಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. ಅದೇ ನೆಲಕ್ಕೆ ಹಾಸುವ ಟೈಲ್ಸಿನಲ್ಲಿ ಚದರ ಅಡಿಗೆ 40 ರೂಪಾಯಿ ಕಡಮೆಯದನ್ನು ಆರಿಸಿಕೊಂಡರೆ 40 ಸಾವಿರ ಉಳಿಯುತ್ತದೆ. ಟೈಲ್ಸನ್ನು ಹತ್ತು ವರ್ಷಕ್ಕೆ ಬದಲಾಯಿಸಬಹುದು. ಕಂಬವನ್ನು ಬದಲಾಯಿಸುವವರನ್ನು ನಾನು ಕಂಡಿಲ್ಲ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 28ರಿಂದ 18ಕ್ಕೆ ಇಳಿದಿರುವುದರಿಂದ, ಹಳೆಯ ಅಂದಾಜುಪಟ್ಟಿಯನ್ನು ಹಿಡಿದು ಬರುವ ಗುತ್ತಿಗೆದಾರನಲ್ಲಿ ಆ ಮಾತನ್ನೂ ಎತ್ತಬಹುದು.

ಈ 20 ಲಕ್ಷದಲ್ಲಿ ಏನೇನು ಸೇರಿಲ್ಲವೆಂಬುದೇ ಗುತ್ತಿಗೆಯ ನಿಜವಾದ ಮರ್ಮ. ಕಾಂಪೌಂಡು, ಸಂಪು, ಕೊಳವೆಬಾವಿ, ವಿದ್ಯುತ್ತಿನ ಹಾಗೂ ನೀರಿನ ಸಂಪರ್ಕ, ನಕ್ಷೆಯ ಶುಲ್ಕ, ಎಂಜಿನಿಯರಿನ ಸಂಭಾವನೆ, ಅಡಿಗೆಮನೆಯ ಕಪಾಟುಗಳು, ಇವೆಲ್ಲ ಬಹುಪಾಲು ಹೊರಗೇ ಉಳಿದಿರುತ್ತವೆ. ಬಾಲ್ಕನಿಯನ್ನೂ ಮೆಟ್ಟಿಲಿನ ಕೋಣೆಯನ್ನೂ ಪೂರ್ತಿ ಅಳೆಯಬೇಕೋ ಅರ್ಧಕ್ಕೆ ಅಳೆಯಬೇಕೋ ಎಂಬುದನ್ನು ಬರೆದಿಡದಿದ್ದರೆ ಹತ್ತು ಚದರ ಹನ್ನೊಂದೂವರೆಯಾಗುತ್ತದೆ. ಕಟ್ಟುವ ಒಂದು ವರ್ಷದ ಬಾಡಿಗೆಯನ್ನೂ ಸಾಲದ ಬಡ್ಡಿಯನ್ನೂ ಬರೆದುಕೊಂಡವರನ್ನು ನಾನು ಎಲ್ಲಿಯೂ ನೋಡಿಲ್ಲ. ಕೂಲಿಯ ಗುತ್ತಿಗೆಯನ್ನು ಮಾತ್ರ ಕೊಟ್ಟು ಸಾಮಾನನ್ನು ತಾನೇ ತರಿಸುವವನಿಗೆ ಹಣ ಅಷ್ಟಿಷ್ಟು ಉಳಿಯಬಹುದು. ಆದರೆ ಬಿಡುವಿಲ್ಲದ ಉದ್ಯೋಗಸ್ಥನಿಗೆ ಅದು ಹೇಳಿದ್ದಲ್ಲ, ಜಲ್ಲಿಯ ಲಾರಿ ಬರುವುದು ಯಾವಾಗಲೂ ಕಚೇರಿಯ ವೇಳೆಯಲ್ಲಿಯೇ. ಯಾವ ಪದ್ಧತಿಯಾದರೂ ಹಣವು ಕೆಲಸದ ಹಿಂದೆ ನಡೆಯಬೇಕಲ್ಲದೆ ಮುಂದೆ ನಡೆಯಬಾರದು: ಪಾಯ ಮುಗಿದ ಮೇಲೆ ಇಷ್ಟು, ಲಿಂಟಲ್ ಮಟ್ಟಕ್ಕೆ ಬಂದ ಮೇಲೆ ಇಷ್ಟು, ತಾರಸಿಯಾದ ಮೇಲೆ ಇಷ್ಟು ಎಂದು ಕರಾರಿನಲ್ಲಿ ಬರೆದು, ನೂರಕ್ಕೆ ಐದರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಇಟ್ಟುಕೊಳ್ಳುವುದು ಉಭಯರಿಗೂ ಗೌರವ.

ಆ ಮಳೆಗಾಲದ ಮಾತು ಬಂತಾದುದರಿಂದ ಇದನ್ನೂ ಹೇಳಬೇಕು. ಬೆಂಗಳೂರಿನಲ್ಲಿ 1,200 ಚದರ ಅಡಿ ಅಥವಾ ಅದಕ್ಕೆ ಮೇಲ್ಪಟ್ಟ ನಿವೇಶನದಲ್ಲಿ ಹೊಸದಾಗಿ ಕಟ್ಟುವವರಿಗೆ ಮಳೆನೀರಿನ ಸಂಗ್ರಹವನ್ನು 2009ರಲ್ಲಿಯೇ ಕಡ್ಡಾಯಮಾಡಿದರು. ನಮ್ಮ ಮನೆಯ ಏಳು ಚದರದ ನೆತ್ತಿಯ ಮೇಲೆ, ಅಂದರೆ ಸುಮಾರು 65 ಚದರ ಮೀಟರಿನ ಮೇಲೆ, ವರ್ಷಕ್ಕೆ 970 ಮಿಲಿಮೀಟರು ಮಳೆ ಬಿದ್ದರೆ 63 ಸಾವಿರ ಲೀಟರಾಗುತ್ತದೆ. ಐದನೆಯ ಒಂದು ಪಾಲು ಸೋರಿ ಆರಿ ಹೋದರೂ ಐದು ಸಾವಿರ ಲೀಟರಿನ ಹತ್ತು ಟ್ಯಾಂಕರುಗಳು ಮನೆಯ ಮುಂದೆ ಬಂದು ನಿಂತಂತೆ. ಆದರೆ ಆ ನೀರು ಕೊಳವೆಯ ಕಡೆಗೆ ಹರಿಯಬೇಕಾದರೆ ತಾರಸಿಗೆ ತಕ್ಕ ಇಳುಕಲು ಇರಬೇಕು. ಮೇಲುಹೊದಿಕೆಯ ಗಾರೆ ಇನ್ನೂ ಹಸಿಯಾಗಿರುವಾಗಲೇ ರಸಮಟ್ಟವಿಟ್ಟು ನೋಡಿಕೊಳ್ಳಿ. ಅದು ಬಿಗಿದು ನೀರುಂಡ ಮೇಲೆ ಒಂದು ಸಂಜೆ ಒಬ್ಬರೇ ಮೇಲೆ ಹತ್ತಿ, ಕೊಳವೆಗೆ ಅತ್ಯಂತ ದೂರವಾದ ಮೂಲೆಯಲ್ಲಿ ಒಂದು ಕೊಡ ನೀರು ಸುರಿದು, ಅದು ಯಾವ ಕಡೆಗೆ ಹೋಗುತ್ತದೆಂಬುದನ್ನು ನಿಂತು ನೋಡಿ. ಎಲ್ಲಾದರೂ ತಡೆದು ನಿಂತರೆ ಆ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆಯೆಳೆದು, ಮರುದಿನ ಬೆಳಿಗ್ಗೆ ಮೇಸ್ತ್ರಿಯನ್ನು ಮೇಲಕ್ಕೆ ಕರೆದುಕೊಂಡು ಹೋಗಿ ತೋರಿಸಿ. ಅವನ ಕೊನೆಯ ಕಂತು ಆಗ ಇನ್ನೂ ನಿಮ್ಮ ಪೆಟ್ಟಿಗೆಯಲ್ಲಿಯೇ ಇರುತ್ತದೆ.